ಉಣ್ಣಿ ಜ್ವರ: ಟೆಕ್ಸಾಸ್‌ನ ದನಗಳು ಕಲಿಸಿದ ಪಾಠ

ಸಾಲ ಮಾಡಿ, ದೂರದ ಊರಿನಿಂದ ಒಂದು ಒಳ್ಳೆಯ ಮಿಶ್ರತಳಿ ಹಸುವನ್ನು ರೈತರೊಬ್ಬರು ಕೊಂಡು ತರುತ್ತಾರೆ ಎಂದುಕೊಳ್ಳಿ. ಬಂದ ಮೊದಲ ವಾರ ಹಸು ಚೆನ್ನಾಗಿಯೇ ಇರುತ್ತದೆ. ಎರಡು ಮೂರು ವಾರಗಳಲ್ಲಿ ಅದಕ್ಕೆ ಜೋರು ಜ್ವರ ಬರುತ್ತದೆ. ಮೇವು ಮುಟ್ಟುವುದಿಲ್ಲ, ಮೆಲುಕು ಹಾಕುವುದಿಲ್ಲ, ಹಾಲು ಒಮ್ಮೆಗೇ ಇಳಿಯುತ್ತದೆ. ಗಂಜಲ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ವೈದ್ಯರನ್ನು ಕರೆಸುವುದು ತಡವಾದರೆ ಹಸು ಸತ್ತೇ ಹೋಗಬಹುದು. ಅದೇ ಕೊಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಮನೆಯ ಹಳೆಯ ನಾಟಿ ಹಸು ಏನೂ ಆಗದಂತೆ ಮೆಲುಕು ಹಾಕುತ್ತಾ ನಿಂತಿರುತ್ತದೆ. ಎರಡಕ್ಕೂ ಒಂದೇ ನೀರು, ಒಂದೇ ಮೇವು. ಹಾಗಾದರೆ ಹೊಸ ಹಸುವಿಗೆ ಮಾತ್ರ ಏಕೆ ಹೀಗಾಯಿತು?

ಯಾರದೋ ದೃಷ್ಟಿ ತಾಗಿತು ಎನ್ನುವವರುಂಟು. ಮಾರಿದವನು ರೋಗದ ಹಸುವನ್ನೇ ದಾಟಿಸಿದ ಎಂದು ಶಪಿಸುವವರೂ ಉಂಟು. ಅನೇಕ ವೇಳೆ ನಿಜ ಸಂಗತಿ ಇದಕ್ಕೆ ತೀರ ವಿರುದ್ಧವಾಗಿರುತ್ತದೆ. ರೋಗ ಹೊಸ ಹಸುವಿನ ಜೊತೆಗೆ ಬಂದದ್ದಲ್ಲ. ಅದು ಕೊಟ್ಟಿಗೆಯಲ್ಲಿ, ಆರೋಗ್ಯವಾಗಿ ಕಾಣುವ ಹಳೆಯ ಹಸುವಿನ ರಕ್ತದಲ್ಲಿ ಮತ್ತು ಅದರ ಮೈಮೇಲಿನ ಉಣ್ಣಿಗಳಲ್ಲಿ ಮೊದಲಿನಿಂದಲೂ ಇತ್ತು. ಈ ಒಗಟನ್ನು ವಿಜ್ಞಾನ ಬಿಡಿಸಿದ್ದು ಸುಮಾರು 130 ವರ್ಷಗಳ ಹಿಂದೆ, ಮಾಂಸಕ್ಕಾಗಿ ಸಾಕುತ್ತಿದ್ದ ದನಗಳ ಮಂದೆಯಲ್ಲಿ, ಅಮೆರಿಕದಲ್ಲಿ. ಅಲ್ಲಿ ನಡೆದುದನ್ನು ತಿಳಿದುಕೊಂಡರೆ ನಮ್ಮ ಕೊಟ್ಟಿಗೆಯಲ್ಲಿ ಏನು ಮಾಡಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಹಾದುಹೋದ ದನ, ಹಿಂದೆ ಉಳಿದ ಸಾವು

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಆಗ ದಕ್ಷಿಣದ ಟೆಕ್ಸಾಸ್‌ನಲ್ಲಿ ಉದ್ದ ಕೊಂಬಿನ 'ಲಾಂಗ್‌ಹಾರ್ನ್' ದನಗಳು ಬೇಕಾದಷ್ಟಿದ್ದವು. ಉತ್ತರದ ಪಟ್ಟಣಗಳಲ್ಲಿ ಮಾಂಸಕ್ಕೆ ಒಳ್ಳೆಯ ಬೆಲೆ ಇತ್ತು. ಕುದುರೆಯ ಮೇಲೆ ಕುಳಿತ ದನಗಾಹಿಗಳು ಸಾವಿರಾರು ದನಗಳ ಮಂದೆಗಳನ್ನು ನೂರಾರು ಮೈಲಿ ನಡೆಸಿಕೊಂಡು ಕ್ಯಾನ್ಸಾಸ್‌ನ ರೈಲು ನಿಲ್ದಾಣಗಳಿಗೆ ತರತೊಡಗಿದರು. ಅಲ್ಲಿಂದ ದನಗಳು ರೈಲಿನಲ್ಲಿ ಇನ್ನೂ ಉತ್ತರಕ್ಕೆ, ಪೂರ್ವಕ್ಕೆ ಹೋಗುತ್ತಿದ್ದವು.

ಈ ಮಂದೆಗಳು ಹಾದುಹೋದ ದಾರಿಯಲ್ಲಿ ಒಂದು ವಿಚಿತ್ರ ಕಂಡುಬಂತು. ಟೆಕ್ಸಾಸ್‌ನ ದನಗಳಿಗೆ ಏನೂ ಆಗುತ್ತಿರಲಿಲ್ಲ. ಅವು ಮೇಯುತ್ತಾ, ದಾರಿಯುದ್ದಕ್ಕೂ ಮೈ ತುಂಬಿಕೊಳ್ಳುತ್ತಾ ಸಾಗುತ್ತಿದ್ದವು. ಆದರೆ ಅವು ಹೋಗಿ ತಿಂಗಳಾದ ಮೇಲೆ ಅದೇ ಹುಲ್ಲುಗಾವಲಿನಲ್ಲಿ ಮೇಯುವ ಸ್ಥಳೀಯ ದನಗಳು ಜ್ವರದಿಂದ ಬಿದ್ದು ಸಾಯುತ್ತಿದ್ದವು. ಅವುಗಳ ಮೂತ್ರ ಕೆಂಪಾಗುತ್ತಿತ್ತು. 1868ರಲ್ಲಿ ಇಲಿನಾಯ್ ಮತ್ತು ಇಂಡಿಯಾನ ರಾಜ್ಯಗಳಲ್ಲಿ ಹೀಗೆ ಸಾವಿರಾರು ದನಗಳು ಸತ್ತವು. ಜನ ಇದನ್ನು 'ಟೆಕ್ಸಾಸ್ ಜ್ವರ' ಎಂದು ಕರೆದರು. ಕೆಲವೆಡೆ ರೈತರು ಬಂದೂಕು ಹಿಡಿದು ಟೆಕ್ಸಾಸ್ ಮಂದೆಗಳನ್ನು ತಡೆದು ನಿಲ್ಲಿಸಿದರು. ಹಲವು ರಾಜ್ಯಗಳು ಅವುಗಳ ಪ್ರವೇಶವನ್ನೇ ನಿಷೇಧಿಸಿದವು.

ಇನ್ನೂ ಮೂರು ಸಂಗತಿಗಳು ಎಲ್ಲರನ್ನೂ ಗೊಂದಲಕ್ಕೆ ತಳ್ಳಿದ್ದವು. ಕಾಯಿಲೆ ಬಿದ್ದ ಸ್ಥಳೀಯ ದನದ ಪಕ್ಕದಲ್ಲೇ ಇನ್ನೊಂದು ಸ್ಥಳೀಯ ದನವನ್ನು ಕಟ್ಟಿದರೆ ಅದಕ್ಕೆ ಸಾಮಾನ್ಯವಾಗಿ ರೋಗ ತಗಲುತ್ತಿರಲಿಲ್ಲ. ಹಿಮ ಬೀಳುವ ಚಳಿ ಬಂದೊಡನೆ ರೋಗ ನಿಂತುಹೋಗುತ್ತಿತ್ತು. ಉತ್ತರದ ಒಳ್ಳೆಯ ಹೋರಿಗಳನ್ನು ತಳಿ ಸುಧಾರಣೆಗೆಂದು ದಕ್ಷಿಣಕ್ಕೆ ಒಯ್ದರೆ ಅವೂ ಸಾಯುತ್ತಿದ್ದವು. ರೋಗವಿಲ್ಲದ ದನ ರೋಗ ಹರಡುತ್ತದೆ, ರೋಗವಿರುವ ದನ ಹರಡುವುದಿಲ್ಲ! ಇದಕ್ಕೇನರ್ಥ?

ದನಗಾಹಿಗಳ ಊಹೆ

ಟೆಕ್ಸಾಸ್ ದನಗಳ ಮೈತುಂಬ ಉಣ್ಣಿ ಇರುವುದನ್ನು ದನಗಾಹಿಗಳು ಗಮನಿಸಿದ್ದರು. ಉಣ್ಣಿ ಇದ್ದಲ್ಲಿ ಜ್ವರ, ಇಲ್ಲದಲ್ಲಿ ಜ್ವರವಿಲ್ಲ ಎಂದು ಅವರಲ್ಲಿ ಹಲವರು ಹೇಳುತ್ತಿದ್ದರು. ಆ ಕಾಲದ ವಿದ್ವಾಂಸರು ಈ ಮಾತನ್ನು ತಳ್ಳಿಹಾಕಿದರು. 1868ರ ರೋಗವನ್ನು ಪರಿಶೀಲಿಸಿದ ಬ್ರಿಟನ್ನಿನ ಹೆಸರಾಂತ ಪಶುವೈದ್ಯ ಜಾನ್ ಗ್ಯಾಮ್ಜಿಯೂ ಉಣ್ಣಿಯ ಮಾತನ್ನು ಒಪ್ಪಲಿಲ್ಲ. ಕೀಟದಂಥ ಒಂದು ಸಣ್ಣ ಜೀವಿ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ರೋಗ ಒಯ್ಯಬಲ್ಲದು ಎಂಬ ಕಲ್ಪನೆಯೇ ಆಗ ಇನ್ನೂ ಬೇರೂರಿರಲಿಲ್ಲ.

ಅಮೆರಿಕ ಸರ್ಕಾರ 1884ರಲ್ಲಿ ಪಶು ಉದ್ಯಮ ವಿಭಾಗವೊಂದನ್ನು ತೆರೆಯಿತು. ಅದರ ಮುಖ್ಯಸ್ಥ ಡೇನಿಯಲ್ ಸಾಲ್ಮನ್. ಅವರ ಕೈಕೆಳಗೆ ಸೂಕ್ಷ್ಮಜೀವಿ ವಿಜ್ಞಾನಿ ಥಿಯೊಬಾಲ್ಡ್ ಸ್ಮಿತ್, ಪಶುವೈದ್ಯರಾದ ಎಫ್. ಎಲ್. ಕಿಲ್ಬರ್ನ್ ಮತ್ತು ಕೂಪರ್ ಕರ್ಟಿಸ್ ಕೆಲಸಕ್ಕೆ ತೊಡಗಿದರು. ದನಗಾಹಿಗಳ ಊಹೆಯನ್ನು ನಗೆಯಾಡದೆ ಪರೀಕ್ಷಿಸಿ ನೋಡುವುದು ಅವರ ನಿರ್ಧಾರವಾಗಿತ್ತು.

ಮೂರು ಹೊಲಗಳ ಪ್ರಯೋಗ

1889ರ ಬೇಸಗೆಯಲ್ಲಿ ವಾಷಿಂಗ್ಟನ್ ನಗರದ ಹೊರವಲಯದ ಪ್ರಯೋಗ ಕ್ಷೇತ್ರಕ್ಕೆ ದಕ್ಷಿಣದಿಂದ ಉಣ್ಣಿ ಹತ್ತಿದ ದನಗಳನ್ನು ತರಲಾಯಿತು. ಬೇಲಿ ಹಾಕಿ ಹೊಲಗಳನ್ನು ಬೇರ್ಪಡಿಸಲಾಯಿತು.

ಮೊದಲ ಹೊಲದಲ್ಲಿ ಉಣ್ಣಿ ಇರುವ ದಕ್ಷಿಣದ ದನಗಳನ್ನೂ ಆರೋಗ್ಯವಂತ ಉತ್ತರದ ದನಗಳನ್ನೂ ಒಟ್ಟಿಗೆ ಬಿಟ್ಟರು. ಎರಡನೆಯ ಹೊಲದಲ್ಲೂ ಹಾಗೆಯೇ. ಆದರೆ ಇಲ್ಲಿ ದಕ್ಷಿಣದ ದನಗಳ ಮೈಮೇಲಿನ ಉಣ್ಣಿಗಳನ್ನು ಒಂದೊಂದಾಗಿ ಕೈಯಿಂದ ಆರಿಸಿ ತೆಗೆದಿದ್ದರು. ಮೂರನೆಯ ಹೊಲದಲ್ಲಿ ದಕ್ಷಿಣದ ದನವೇ ಇರಲಿಲ್ಲ. ಅಲ್ಲಿನ ಹುಲ್ಲಿನ ಮೇಲೆ ದಕ್ಷಿಣದಿಂದ ತಂದ ಉಣ್ಣಿಗಳನ್ನಷ್ಟೇ ಚೆಲ್ಲಿ, ಉತ್ತರದ ದನಗಳನ್ನು ಬಿಟ್ಟರು.

ಫಲಿತಾಂಶ ಸ್ಪಷ್ಟವಾಗಿತ್ತು. ಮೊದಲ ಮತ್ತು ಮೂರನೆಯ ಹೊಲಗಳ ಉತ್ತರದ ದನಗಳಿಗೆ ಜ್ವರ ಬಂತು. ಎರಡನೆಯ ಹೊಲದ ದನಗಳು, ದಕ್ಷಿಣದ ದನಗಳ ಜೊತೆಗೇ ಮೇಯುತ್ತಿದ್ದರೂ, ಆರೋಗ್ಯವಾಗಿ ಉಳಿದವು. ದನ ದನಕ್ಕೆ ರೋಗ ಅಂಟಿಸುತ್ತಿರಲಿಲ್ಲ; ಅಂಟಿಸುತ್ತಿದ್ದುದು ಉಣ್ಣಿ.

ಸ್ಮಿತ್ ಕಾಯಿಲೆಯ ದನಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಂಪು ರಕ್ತಕಣಗಳ ಒಳಗೆ ಪೇರು ಹಣ್ಣಿನ ಆಕಾರದ, ಜೋಡಿ ಜೋಡಿಯಾದ ಸಣ್ಣ ಜೀವಿಗಳು ಕಂಡವು. ಇದು ಮಲೇರಿಯಾ ರೋಗಾಣುವಿನಂತೆಯೇ ಏಕಕೋಶದ ಪರಾವಲಂಬಿ. ಇಂದು ಇದರ ಹೆಸರು ಬೆಬೀಸಿಯ ಬೈಜೆಮಿನ. ರೊಮೇನಿಯದ ದನಗಳಲ್ಲಿ ಇಂಥ ಜೀವಿಯನ್ನು 1888ರಲ್ಲಿ ವಿವರಿಸಿದ ವಿಕ್ಟರ್ ಬಾಬೆಶ್ ಅವರ ಹೆಸರಿನಿಂದ ಈ ಹೆಸರು ಬಂದಿದೆ. ಈ ಜೀವಿ ರಕ್ತಕಣದೊಳಗೆ ಹೆಚ್ಚಿ, ಅದನ್ನು ಒಡೆದು ಹೊರಬರುತ್ತದೆ. ಒಡೆದ ಕಣಗಳ ಕೆಂಪು ವರ್ಣದ್ರವ್ಯ, ಅಂದರೆ ಹೀಮೋಗ್ಲೋಬಿನ್, ಮೂತ್ರಪಿಂಡದ ಮೂಲಕ ಸೋರಿಹೋಗುತ್ತದೆ. ಗಂಜಲ ಡಿಕಾಕ್ಷನ್ನಿನಂತಾಗುವುದು ಇದರಿಂದಲೇ.

ಮುಂದಿನ ವರ್ಷಗಳಲ್ಲಿ ಅವರು ಪ್ರಯೋಗಗಳನ್ನು ಮತ್ತೆ ಮತ್ತೆ ಮಾಡಿ ನೋಡಿದರು. ಪ್ರಯೋಗಾಲಯದಲ್ಲಿ ಮೊಟ್ಟೆಯಿಂದ ಹೊರಬಂದ, ಇನ್ನೂ ಯಾವ ದನವನ್ನೂ ಕಚ್ಚದ ಉಣ್ಣಿಮರಿಗಳನ್ನು ಆರೋಗ್ಯವಂತ ದನದ ಮೇಲೆ ಬಿಟ್ಟಾಗಲೂ ಜ್ವರ ಬಂತು. ಅಂದರೆ ರೋಗಾಣು ತಾಯಿ ಉಣ್ಣಿಯಿಂದ ಮೊಟ್ಟೆಯ ಮೂಲಕ ಮರಿಗೆ ದಾಟುತ್ತದೆ. ಸ್ಮಿತ್ ಮತ್ತು ಕಿಲ್ಬರ್ನ್ ಅವರ ವರದಿ 1893ರಲ್ಲಿ ಪ್ರಕಟವಾಯಿತು. ಸಂಧಿಪದಿಯೊಂದು ಸಸ್ತನಿಗೆ ರೋಗ ಸಾಗಿಸುತ್ತದೆ ಎಂಬುದನ್ನು ಪ್ರಯೋಗದಿಂದ ಖಚಿತಪಡಿಸಿದ ಮೊದಲ ಕೆಲಸವೆಂದು ಇದನ್ನು ಗುರುತಿಸಲಾಗುತ್ತದೆ. ನಮ್ಮ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡದ್ದು ಇದಾಗಿ ನಾಲ್ಕು ವರ್ಷಗಳ ಮೇಲೆ, 1897ರಲ್ಲಿ.

ಉಣ್ಣಿಯ ದಿನಚರಿ

ಒಗಟಿನ ಉಳಿದ ತುಂಡುಗಳೂ ಈಗ ಒಂದೊಂದಾಗಿ ಕೂಡಿಕೊಂಡವು. ಅದಕ್ಕೆ ಉಣ್ಣಿಯ ಬದುಕನ್ನು ಅರಿಯಬೇಕು.

ಉಣ್ಣಿ ಕೀಟವಲ್ಲ, ಎಂಟು ಕಾಲಿನ, ಜೇಡದ ಬಳಗಕ್ಕೆ ಸೇರಿದ ಜೀವಿ. ಟೆಕ್ಸಾಸ್ ಜ್ವರ ಹರಡುವ ಉಣ್ಣಿ ಮರಿಯಾಗಿ ಒಂದು ದನವನ್ನು ಹತ್ತಿದರೆ ಎರಡು ಬಾರಿ ಪೊರೆ ಕಳಚಿ, ಬೆಳೆದು, ಕೂಡಿ, ರಕ್ತ ಕುಡಿದು ಉಬ್ಬುವವರೆಗೂ ಅದೇ ದನದ ಮೇಲೆ ಇರುತ್ತದೆ. ಇದಕ್ಕೆ ಸುಮಾರು ಮೂರು ವಾರ ಬೇಕು. ರಕ್ತ ತುಂಬಿ ಹುರುಳಿಗಿಂತ ದೊಡ್ಡದಾದ ಹೆಣ್ಣು ಉಣ್ಣಿ ನೆಲಕ್ಕೆ ಉದುರಿ, ಮರೆಯಾದ ಜಾಗದಲ್ಲಿ ಎರಡು ಮೂರು ಸಾವಿರ ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಬೆಚ್ಚಗಿನ ಕಾಲದಲ್ಲಿ ಮೂರು ನಾಲ್ಕು ವಾರಗಳಲ್ಲಿ ಮೊಟ್ಟೆ ಒಡೆದು ಮರಿಗಳು ಹೊರಬರುತ್ತವೆ. ಅವು ಹುಲ್ಲಿನ ತುದಿಗೆ ಹತ್ತಿ ದನಕ್ಕಾಗಿ ಕಾದಿರುತ್ತವೆ. ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲವು.

ಈಗ ಲೆಕ್ಕ ಹಾಕಿ. ದಕ್ಷಿಣದ ಮಂದೆಯಿಂದ ಉಣ್ಣಿ ಉದುರಿ, ಮೊಟ್ಟೆಯಿಟ್ಟು, ಅದು ಒಡೆಯಲು ಸುಮಾರು ನಾಲ್ಕು ವಾರ. ಮರಿ ಸ್ಥಳೀಯ ದನವನ್ನು ಹತ್ತಿ, ರೋಗಾಣು ರಕ್ತ ಸೇರಿ, ಜ್ವರ ಬರಲು ಮತ್ತೆ ಎರಡು ವಾರ. ಮಂದೆ ಹೋಗಿ ತಿಂಗಳು ಕಳೆದ ಮೇಲೆ ರೋಗ ಬರುತ್ತಿದ್ದುದು ಇದಕ್ಕೇ. ಚಳಿಗಾಲದಲ್ಲಿ ರೋಗ ನಿಲ್ಲುತ್ತಿದ್ದುದು ಹಿಮಕ್ಕೆ ಉಣ್ಣಿಗಳು ಸಾಯುತ್ತಿದ್ದುದರಿಂದ. ಕಾಯಿಲೆಯ ದನದಿಂದ ಪಕ್ಕದ ದನಕ್ಕೆ ರೋಗ ನೇರವಾಗಿ ತಗಲದಿದ್ದುದು, ನಡುವೆ ಉಣ್ಣಿಯ ಒಂದು ತಲೆಮಾರು ಕಳೆಯಬೇಕಾದ್ದರಿಂದ.

ಟೆಕ್ಸಾಸ್ ದನ ಏಕೆ ಸಾಯಲಿಲ್ಲ?

ಈ ಪ್ರಶ್ನೆಗೆ ಉತ್ತರ ಕರುವಿನಲ್ಲಿದೆ. ಬೆಬೀಸಿಯ ಎಳೆಯ ಕರುಗಳನ್ನು ಅಷ್ಟಾಗಿ ಕಾಡುವುದಿಲ್ಲ. ಸುಮಾರು ಒಂಬತ್ತು ತಿಂಗಳ ಒಳಗಿನ ಕರುವಿಗೆ ಸೋಂಕು ತಗಲಿದರೆ ಹೆಚ್ಚಾಗಿ ಅದು ಸಣ್ಣ ಜ್ವರದಲ್ಲಿ ಪಾರಾಗುತ್ತದೆ. ಆಮೇಲೆ ರೋಗಾಣುಗಳು ಬಹುಕಾಲ ಅಲ್ಪ ಸಂಖ್ಯೆಯಲ್ಲಿ ರಕ್ತದಲ್ಲಿ ಉಳಿದು ರೋಗನಿರೋಧಕ ಶಕ್ತಿಯನ್ನು ಎಚ್ಚರವಾಗಿಡುತ್ತವೆ. ಉಣ್ಣಿಗಳ ನಡುವೆಯೇ ಹುಟ್ಟಿ ಬೆಳೆದ ಟೆಕ್ಸಾಸ್ ದನಗಳು ಹೀಗೆ ರಕ್ಷಣೆ ಪಡೆದಿದ್ದವು, ಜೊತೆಗೆ ರೋಗದ ವಾಹಕಗಳೂ ಆಗಿದ್ದವು. ಉಣ್ಣಿಯನ್ನೇ ಕಾಣದೆ ದೊಡ್ಡದಾದ ದನಕ್ಕೆ ಮೊದಲ ಸೋಂಕು ಪ್ರಾಪ್ತ ವಯಸ್ಸಿನಲ್ಲಿ ತಗಲಿದರೆ ಅದೇ ಪ್ರಾಣಾಂತಿಕ.

ನಮ್ಮ ರೈತರ ಹೊಸ ಹಸುವಿಗೆ ಆದದ್ದೂ ಇದೇ. ಉಣ್ಣಿಯಿಲ್ಲದ ಅಚ್ಚುಕಟ್ಟಾದ ಡೇರಿಯಲ್ಲಿ ಬೆಳೆದ ಹಸು, ಉಣ್ಣಿಗಳಿರುವ ಕೊಟ್ಟಿಗೆಗೆ ಬಂತು. ಅಲ್ಲಿ ಮರಿಗಳು ಮೊದಲೇ ಕಾದಿದ್ದವು. 'ಆರೋಗ್ಯವಾಗಿ ಕಾಣುವ ದನ' ಮತ್ತು 'ರೋಗಾಣು ಇಲ್ಲದ ದನ' ಒಂದೇ ಅಲ್ಲ ಎಂಬುದು ನೆನಪಿಡಬೇಕಾದ ಮೊದಲ ಪಾಠ.

ಹದಿನಾಲ್ಕು ದಿನಗಳ ಲೆಕ್ಕ

ಶತ್ರುವಿನ ದಿನಚರಿ ತಿಳಿದ ಮೇಲೆ ಅಸ್ತ್ರವೂ ಸಿಕ್ಕಿತು. 1906ರಲ್ಲಿ ಅಮೆರಿಕ ಸರ್ಕಾರ ಉಣ್ಣಿ ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. ಊರೂರಿನಲ್ಲಿ ನೆಲದಲ್ಲಿ ಉದ್ದನೆಯ ತೊಟ್ಟಿಗಳನ್ನು ಕಟ್ಟಿ, ಆರ್ಸೆನಿಕ್ ಬೆರೆತ ದ್ರಾವಣ ತುಂಬಿ, ಪ್ರತಿ 14 ದಿನಕ್ಕೊಮ್ಮೆ ದನಗಳನ್ನು ಅದರಲ್ಲಿ ಈಜಾಡಿಸಿ ದಾಟಿಸಿದರು. 14 ದಿನ ಏಕೆ? ಉಣ್ಣಿ ದನದ ಮೇಲೆ ಮೂರು ವಾರ ಇರುತ್ತದಲ್ಲವೆ? ಎರಡು ವಾರಕ್ಕೊಮ್ಮೆ ಔಷಧಿ ತಾಗಿದರೆ ಯಾವ ಉಣ್ಣಿಯೂ ಮೊಟ್ಟೆಯಿಡುವ ಹಂತ ತಲುಪಲಾರದು. ನೆಲದ ಮರಿಗಳು ದನವನ್ನು ಹತ್ತುತ್ತವೆ, ಸಾಯುತ್ತವೆ. ಹೊಸ ಮೊಟ್ಟೆ ನೆಲ ಸೇರುವುದಿಲ್ಲ. ಹುಲ್ಲುಗಾವಲನ್ನು ತಿಂಗಳುಗಟ್ಟಲೆ ಖಾಲಿ ಬಿಟ್ಟು ಮರಿಗಳನ್ನು ಉಪವಾಸ ಕೆಡವುವುದು ಇನ್ನೊಂದು ಉಪಾಯವಾಗಿತ್ತು.

ಇದು ಸುಲಭವಾಗಿ ನಡೆಯಲಿಲ್ಲ. ಎರಡು ವಾರಕ್ಕೊಮ್ಮೆ ಕೆಲಸ ಬಿಟ್ಟು ದನ ಹೊಡೆದುಕೊಂಡು ಹೋಗುವುದು ಬಡ ರೈತರಿಗೆ ಹೊರೆಯಾಯಿತು. ಸಿಟ್ಟಿಗೆದ್ದವರು ಕೆಲವೆಡೆ ತೊಟ್ಟಿಗಳನ್ನು ಡೈನಮೈಟ್ ಇಟ್ಟು ಸಿಡಿಸಿದರು. ಒಬ್ಬ ತಪ್ಪಿಸಿಕೊಂಡರೂ ಅವನ ದನ ನೆರೆಯವರೆಲ್ಲರ ಶ್ರಮವನ್ನು ಹಾಳುಮಾಡುತ್ತಿತ್ತು. ಆದರೂ 1943ರ ಹೊತ್ತಿಗೆ, ಮೆಕ್ಸಿಕೊ ಗಡಿಯ ಪಟ್ಟಿಯೊಂದನ್ನು ಬಿಟ್ಟು, ಉಳಿದೆಲ್ಲೆಡೆ ಉಣ್ಣಿ ನಿರ್ಮೂಲವಾಯಿತು. ಆ ಗಡಿಯ ರಿಯೊ ಗ್ರಾಂಡ್ ನದಿಯ ದಂಡೆಯಲ್ಲಿ ಕುದುರೆ ಸವಾರರು ಇಂದಿಗೂ ಅಡ್ಡಾದಿಡ್ಡಿ ದಾಟಿಬರುವ ದನಗಳನ್ನು ಹಿಡಿದು ಉಣ್ಣಿ ಹುಡುಕುತ್ತಾರೆ.

ಈ ಕತೆಯಲ್ಲಿ ಭಾರತದ ಎರಡು ಪಾತ್ರಗಳೂ ಇವೆ. ಒಂದು ಅನುಕೂಲದ್ದು, ಇನ್ನೊಂದು ತೊಂದರೆಯದು. ಗಿಡ್ಡ ಕೂದಲಿನ, ಡುಬ್ಬದ ಭಾರತೀಯ ದನಗಳು ಸೆಕೆಯನ್ನೂ ಉಣ್ಣಿಯನ್ನೂ ಯುರೋಪಿನ ದನಗಳಿಗಿಂತ ಚೆನ್ನಾಗಿ ತಡೆಯುತ್ತವೆ. ಅಮೆರಿಕದವರು ಗಿರ್, ಕಾಂಕ್ರೇಜ್, ಓಂಗೋಲ್ ತಳಿಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯ ರಕ್ತವನ್ನೂ ಬಳಸಿ 'ಬ್ರಾಹ್ಮನ್' ಎಂಬ ಮಾಂಸದ ತಳಿಯನ್ನು ರೂಪಿಸಿಕೊಂಡರು. ಇನ್ನೊಂದು ಪಾತ್ರ ನೀಲಗಾಯಿಯದು. ಕಳೆದ ಶತಮಾನದ ಮೊದಲರ್ಧದಲ್ಲಿ ಬೇಟೆಯ ಪ್ರಾಣಿಯಾಗಿ ದಕ್ಷಿಣ ಟೆಕ್ಸಾಸ್‌ಗೆ ಒಯ್ದ ನೀಲಗಾಯಿಗಳು ಈಗ ಅಲ್ಲಿ ಕಾಡುಪ್ರಾಣಿಗಳಾಗಿ ಹಬ್ಬಿವೆ. ತೊಟ್ಟಿಗೆ ಇಳಿಸಲಾಗದ ಈ ಪ್ರಾಣಿಗಳು ಉಣ್ಣಿಗಳನ್ನು ಹೊತ್ತು ತಿರುಗುತ್ತಾ ನಿರ್ಮೂಲನಕ್ಕೆ ಅಡ್ಡಿಯಾಗಿವೆ.

ನಮ್ಮ ಕೊಟ್ಟಿಗೆಯಲ್ಲಿ

ಭಾರತದಲ್ಲಿ ಉಣ್ಣಿಯನ್ನು ನಿರ್ಮೂಲ ಮಾಡುವುದು ಸದ್ಯಕ್ಕೆ ಆಗದ ಮಾತು. ಹಿಮ ಬೀಳದ ನಮ್ಮ ನಾಡಿನಲ್ಲಿ ಅದಕ್ಕೆ ವರ್ಷವಿಡೀ ಸುಗ್ಗಿ. ಆದರೆ ಹತೋಟಿ ಸಾಧ್ಯ. ಇಲ್ಲಿ ಮುಖ್ಯವಾಗಿ ಎರಡು ಬಗೆಯ ಉಣ್ಣಿಗಳನ್ನು ತಿಳಿದಿರಬೇಕು.

ಮೊದಲನೆಯದು ಟೆಕ್ಸಾಸ್ ಉಣ್ಣಿಯ ಹತ್ತಿರದ ನೆಂಟ. ಇದೂ ಒಂದೇ ದನದ ಮೇಲೆ ಬೆಳೆಯುತ್ತದೆ, ಬೆಬೀಸಿಯ ಹರಡುತ್ತದೆ. ಎರಡನೆಯದು ಹಯಲೋಮ ಎಂಬ, ಪಟ್ಟೆ ಕಾಲಿನ ದೊಡ್ಡ ಉಣ್ಣಿ. ಇದು ನಡುನಡುವೆ ದನದಿಂದ ಇಳಿದು ಕೊಟ್ಟಿಗೆಯ ಗೋಡೆಯ ಬಿರುಕು, ಕಲ್ಲುಸಂದಿಗಳಲ್ಲಿ ಅಡಗಿ ಪೊರೆ ಬಿಡುತ್ತದೆ. ಇದು ಹರಡುವುದು ಥೈಲೇರಿಯ ಎಂಬ ಇನ್ನೊಂದು ಪರಾವಲಂಬಿಯನ್ನು. ಥೈಲೇರಿಯ ರೋಗದಲ್ಲಿ ಜ್ವರದ ಜೊತೆಗೆ ಹೆಗಲ ಮುಂಭಾಗದ ದುಗ್ಧಗ್ರಂಥಿ ಕೈಗೆ ಸಿಗುವಷ್ಟು ಊದಿಕೊಳ್ಳುತ್ತದೆ, ರಕ್ತಹೀನತೆ ಬರುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಒಂದು ಎಚ್ಚರಿಕೆ: ಬೆಬೀಸಿಯ ಕರುಗಳನ್ನು ಬಿಟ್ಟುಕೊಟ್ಟಂತೆ ಥೈಲೇರಿಯ ಬಿಡುವುದಿಲ್ಲ. ಮಿಶ್ರತಳಿಯ ಎಳೆಗರುಗಳೂ ಇದರಿಂದ ಸಾಯುತ್ತವೆ. ಆದ್ದರಿಂದ 'ಕರುವಿಗೆ ಉಣ್ಣಿ ಹತ್ತಿದರೆ ಒಳ್ಳೆಯದೇ' ಎಂದು ಸುಮ್ಮನಿರಬಾರದು. ಥೈಲೇರಿಯ ರೋಗಕ್ಕೆ ಭಾರತದಲ್ಲೇ ತಯಾರಾದ ಲಸಿಕೆ ಇದೆ. ನಿಮ್ಮ ಭಾಗದಲ್ಲಿ ಅದು ಅಗತ್ಯವೇ ಎಂದು ಪಶುವೈದ್ಯರಲ್ಲಿ ವಿಚಾರಿಸಿ.

ರೈತರು ಗಮನಿಸಬೇಕಾದ ಅಂಶಗಳು ಇವು:

1. ಹೊಸ ದನ ತಂದಾಗ ಮೂರು ನಾಲ್ಕು ವಾರ ಬೇರೆ ಕಟ್ಟಿ. ಮೊದಲ ದಿನವೇ ಉಣ್ಣಿನಾಶಕ ಬಳಸಿ. ಸಾಧ್ಯವಾದರೆ ರಕ್ತಲೇಪನ ಪರೀಕ್ಷೆ ಮಾಡಿಸಿ. ಹೊಸ ದನ ಬರುವ ಮೊದಲೇ ಕೊಟ್ಟಿಗೆಯನ್ನೂ ಹಳೆಯ ದನಗಳನ್ನೂ ಉಣ್ಣಿಯಿಂದ ಬಿಡಿಸಿ.

2. ಆ ದಿನಗಳಲ್ಲಿ ದಿನವೂ ಜ್ವರ ನೋಡಿ. ದನದ ಸಹಜ ಉಷ್ಣತೆ ಸುಮಾರು 101–102 ಡಿಗ್ರಿ ಫ್ಯಾರನ್‌ಹೀಟ್. 104 ಡಿಗ್ರಿ ಮುಟ್ಟಿದರೆ, ಗಂಜಲದ ಬಣ್ಣ ಬದಲಾದರೆ ಮಾರನೆಯ ದಿನಕ್ಕೆ ಕಾಯಬೇಡಿ. ಎರಡೂ ರೋಗಗಳಿಗೆ ಪರಿಣಾಮಕಾರಿ ಔಷಧಿಗಳಿವೆ, ಆದರೆ ಒಂದರದು ಇನ್ನೊಂದಕ್ಕೆ ನಾಟುವುದಿಲ್ಲ. ಬೇಗ ಪತ್ತೆಯಾದಷ್ಟೂ ಬದುಕುವ ಸಾಧ್ಯತೆ ಹೆಚ್ಚು. ಪಶು ಸಹಾಯವಾಣಿಯ ಸಂಖ್ಯೆ 1962.

3. ಔಷಧಿಯನ್ನು ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲೇ ಬೆರೆಸಿ. ಉಳಿತಾಯಕ್ಕೆಂದು ತೆಳುವಾಗಿ ಬೆರೆಸಿದರೆ ಗಟ್ಟಿ ಉಣ್ಣಿಗಳು ಬದುಕಿ ಅವುಗಳ ಸಂತತಿಯೇ ಹೆಚ್ಚುತ್ತದೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳಿಗೆ ಬಗ್ಗದ ಉಣ್ಣಿಗಳು ದೇಶದ ಹಲವೆಡೆ ಕಂಡುಬಂದಿವೆ. ಒಂದು ಔಷಧಿ ಕೆಲಸ ಮಾಡದಿದ್ದರೆ ವೈದ್ಯರನ್ನು ಕೇಳಿ ಬೇರೆ ವರ್ಗದ ಔಷಧಿಗೆ ಬದಲಾಯಿಸಿ.

4. ಕಿವಿಯೊಳಗೆ, ಗಂಗೆದೊಗಲು, ತೊಡೆಸಂದು, ಕೆಚ್ಚಲಿನ ಸುತ್ತ, ಬಾಲದ ಕೆಳಗೆ ಔಷಧಿ ತಲುಪಲೇಬೇಕು. ಮೊದಲು ದನಕ್ಕೆ ನೀರು ಕುಡಿಸಿ. ಇಲ್ಲವಾದರೆ ಬಾಯಾರಿ ಮೈ ನೆಕ್ಕೀತು. ತಂಪು ಹೊತ್ತಿನಲ್ಲಿ ಸಿಂಪಡಿಸಿ. ಕೆಚ್ಚಲನ್ನು ಚೆನ್ನಾಗಿ ತೊಳೆದು ಹಾಲು ಕರೆಯಿರಿ. ಔಷಧಿಯ ನಂತರ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ತಿಳಿದುಕೊಳ್ಳಿ.

5. ಒಮ್ಮೆ ಸಿಂಪಡಿಸಿ ಕೈಬಿಡಬೇಡಿ. ನೆಲದ ಮೊಟ್ಟೆಗಳಿಗೆ ಅದು ತಾಗಿರುವುದಿಲ್ಲ. ಮೂರು ವಾರದ ಲೆಕ್ಕ ನೆನಪಿಟ್ಟು, ವೈದ್ಯರು ಹೇಳಿದ ಅಂತರದಲ್ಲಿ ಮರುಕಳಿಸಿ.

6. ಗೋಡೆಯ ಬಿರುಕುಗಳನ್ನು ಮುಚ್ಚಿ, ಸುಣ್ಣ ಬಳಿಯಿರಿ. ಗೋದಲಿಯ ಸಂದಿ, ಕಂಬದ ಬುಡ ಸ್ವಚ್ಛವಾಗಿರಲಿ. ಗೊಬ್ಬರದ ಗುಂಡಿ ಕೊಟ್ಟಿಗೆಗೆ ತಾಗಿಕೊಂಡಿರದಿರಲಿ.

7. ಕಿತ್ತ ಉಣ್ಣಿಯನ್ನು ಬರಿಗೈಯಲ್ಲಿ ಹಿಸುಕಬೇಡಿ, ನೆಲಕ್ಕೆ ಎಸೆಯಬೇಡಿ. ಉಬ್ಬಿದ ಒಂದು ಹೆಣ್ಣು ಉಣ್ಣಿ ಎಂದರೆ ಎರಡು ಮೂರು ಸಾವಿರ ಮೊಟ್ಟೆ. ಸೀಮೆಎಣ್ಣೆಯಲ್ಲೋ ಕುದಿಯುವ ನೀರಿನಲ್ಲೋ ಹಾಕಿ ಕೊಲ್ಲಿ.

ಮಲೆನಾಡಿನವರು ಇನ್ನೊಂದು ಮಾತು ನೆನಪಿಡಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹರಡುವುದೂ ಉಣ್ಣಿಯೇ, ಅಲ್ಲಿನ ಮಾತಿನಲ್ಲಿ ಉಣುಗು. ಅದು ಬೇರೆ ಜಾತಿಯ ಉಣ್ಣಿ, ಬೇರೆ ರೋಗಾಣು. ಆದರೆ ಬೆಳೆದ ಉಣುಗುಗಳಿಗೆ ರಕ್ತ ಒದಗಿಸುವುದರಲ್ಲಿ ಕಾಡಿಗೆ ಮೇಯಲು ಹೋಗುವ ದನಗಳ ಪಾಲು ದೊಡ್ಡದು. ದನದ ಮೈಯನ್ನು ಉಣುಗಿನಿಂದ ಕಾಪಾಡುವುದು ಮನೆಯವರನ್ನು ಕಾಪಾಡುವ ಕೆಲಸವೂ ಹೌದು.

ಒಬ್ಬರಿಂದ ಆಗದ ಕೆಲಸ

ಅಮೆರಿಕದ ರೈತರು ಕಷ್ಟಪಟ್ಟು ಕಲಿತ ಕೊನೆಯ ಪಾಠ ನಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಮ್ಮ ದನಗಳು ಒಂದೇ ಗೋಮಾಳದಲ್ಲಿ ಮೇಯುತ್ತವೆ, ಒಂದೇ ಕೆರೆಗೆ ಇಳಿಯುತ್ತವೆ. ನೀವೊಬ್ಬರೇ ಔಷಧಿ ಸಿಂಪಡಿಸಿದರೆ ಸಂಜೆ ಮೇಯ್ದು ಬಂದ ದನ ನೆರೆಯವರ ದನದಿಂದ ಉದುರಿದ ಉಣ್ಣಿಯ ಮರಿಗಳನ್ನು ಹೊತ್ತು ತರುತ್ತದೆ. ಊರಿನ ಎಲ್ಲ ದನಗಳಿಗೂ ಒಂದೇ ವಾರದಲ್ಲಿ ಔಷಧಿ ಹಾಕಿ, ಅದನ್ನೇ ಲೆಕ್ಕದ ಪ್ರಕಾರ ಮರುಕಳಿಸಿದರೆ ಗೋಮಾಳದ ಉಣ್ಣಿಗಳ ಸಂಖ್ಯೆಯೇ ಕುಗ್ಗುತ್ತದೆ. ಹಾಲು ಉತ್ಪಾದಕರ ಸಂಘದಲ್ಲಿ ದಿನಾಲೂ ಎರಡು ಹೊತ್ತು ಸೇರುವ ಊರಿನವರಿಗೆ ಇದನ್ನು ಮಾತಾಡಿಕೊಂಡು ಒಂದು ದಿನ ಗೊತ್ತುಮಾಡುವುದು ಕಷ್ಟವಲ್ಲ. ಮುಂದಿನ ಬಾರಿ ಯಾರಾದರೂ ಸಾಲ ಮಾಡಿ ಹೊಸ ಹಸು ತಂದಾಗ ಅದು ಉಳಿಯುವುದೋ ಇಲ್ಲವೋ ಎಂಬುದು ದೃಷ್ಟಿಯ ಮೇಲಲ್ಲ, ಈ ಲೆಕ್ಕದ ಮೇಲೆ ನಿಂತಿದೆ.